ಕಾಂಕ್ರೀಟಿನ ಆಯುಸ್ಸು

ಕುಮಟಾ ತಾಲ್ಲೂಕಿನ ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನು ಕಂಡು ಬೆರಗಾಗದವರಿಲ್ಲ. ಆ ಕಪ್ಪು ಬಂಡೆ ಸುಣ್ಣಕಲ್ಲು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿದ ಮಳೆನೀರು ದುರ್ಬಲ ಆಮ್ಲವಾಗಿ ಅದನ್ನು ಯುಗಯುಗಗಳಿಂದ ಕರಗಿಸುತ್ತ ಬಂದಿದೆ. ಅದೇ ಅನಿಲವು ನಮ್ಮ ಕಾಂಕ್ರೀಟ್ ಕಟ್ಟಡಗಳಲ್ಲಿ ಬೇರೊಂದು ಬಗೆಯ ಕೆಲಸ ಮಾಡುತ್ತದೆ. ಅದಕ್ಕೆ ಯುಗಗಳು ಬೇಕಿಲ್ಲ. ಕೆಲವು ದಶಕಗಳೇ ಸಾಕು.

ಹೊಸ ಕಾಂಕ್ರೀಟಿನ ಕ್ಷಾರಗುಣ ಪ್ರಬಲವಾದುದು. ಅದರ ಪಿಎಚ್ ಸುಮಾರು 13. ಈ ಕ್ಷಾರದ ನಡುವೆ ಉಕ್ಕಿನ ಸರಳುಗಳ ಮೇಲೆ ಆಕ್ಸೈಡಿನ ತೆಳುಪೊರೆಯೊಂದು ಉಂಟಾಗಿ ಅವನ್ನು ತುಕ್ಕಿನಿಂದ ಕಾಯುತ್ತದೆ. ಆದರೆ ಕಾಂಕ್ರೀಟಿನ ಸೂಕ್ಷ್ಮರಂಧ್ರಗಳ ಮೂಲಕ ಒಳನುಸುಳುವ ಇಂಗಾಲದ ಡೈಆಕ್ಸೈಡು ಅಲ್ಲಿರುವ ಸುಣ್ಣವನ್ನು ಕ್ಯಾಲ್ಸಿಯಮ್ ಕಾರ್ಬೊನೇಟಾಗಿ, ಎಂದರೆ ಯಾಣದ ಬಂಡೆಯ ವಸ್ತುವಾಗಿಯೇ ಮಾರ್ಪಡಿಸುತ್ತದೆ. ಪಿಎಚ್ 9ಕ್ಕಿಂತ ಕೆಳಗಿಳಿಯುತ್ತದೆ, ಪೊರೆ ಅಳಿಯುತ್ತದೆ, ತುಕ್ಕು ತಲೆದೋರುತ್ತದೆ. ತುಕ್ಕಿನ ಗಾತ್ರವು ಮೂಲ ಉಕ್ಕಿನ ಎರಡರಿಂದ ಆರು ಪಟ್ಟು. ಆ ಒತ್ತಡಕ್ಕೆ ಕಾಂಕ್ರೀಟು ಬಿರಿದು ಚಕ್ಕೆಯೇಳುತ್ತದೆ.

ಈ ಕೇಡನ್ನು ಮುಂದಾಗಿ ತಿಳಿಯಬಹುದೇ? ಸ್ವೀಡನ್ನಿನಲ್ಲಿ ಟೂಟ್ಟಿ ಎಂಬ ಸಂಶೋಧಕರು 1982ರಲ್ಲಿ ಕಟ್ಟಡದ ಆಯುಸ್ಸನ್ನು ಎರಡು ಹಂತಗಳಾಗಿ ವಿಂಗಡಿಸಿದರು: ತುಕ್ಕು ತೊಡಗುವವರೆಗಿನ ಕಾಲ, ತೊಡಗಿದ ಮೇಲೆ ಅದು ಬೆಳೆಯುವ ಕಾಲ. ಮೊದಲ ಹಂತದ ಲೆಕ್ಕ ಸುಲಭ. ಅನಿಲವು ಒಳಹೊಕ್ಕ ಆಳವು ಸುಮಾರಾಗಿ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಆಗತಾನೇ ಒಡೆದ ಕಾಂಕ್ರೀಟಿನ ಮೇಲೆ ವಿದ್ಯಾರ್ಥಿಗಳಿಗೆ ಪರಿಚಿತವಾದ ಫಿನಾಲ್ಫ್ತಲೀನ್ ದ್ರಾವಣವನ್ನು ಹಾಕಿದರೆ ಕ್ಷಾರವುಳಿದ ಭಾಗ ಗುಲಾಬಿಯಾಗುತ್ತದೆ. ಕ್ಷಾರ ಕಳೆದುಕೊಂಡ ಭಾಗ ಬಣ್ಣಗೊಳ್ಳುವುದಿಲ್ಲ.

16 ವರ್ಷದ ಮನೆಯೊಂದರಲ್ಲಿ ಬಣ್ಣಗೊಳ್ಳದ ಪದರ 10 ಮಿಲಿಮೀಟರ್ ಇದೆಯೆಂದು ಭಾವಿಸೋಣ. ಸರಳಿನ ಮೇಲಿನ ಹೊದಿಕೆ 20 ಮಿಲಿಮೀಟರ್ ಆಗಿದ್ದರೆ, ಆಳ ಇಮ್ಮಡಿಯಾಗಲು ಕಾಲ ನಾಲ್ಮಡಿಯಾಗಬೇಕು. ಅನಿಲವು ಸರಳನ್ನು ಮುಟ್ಟುವುದು 64ನೆಯ ವರ್ಷದಲ್ಲಿ. ಮೇಸ್ತ್ರಿಯ ಅಲಕ್ಷ್ಯದಿಂದ ಹೊದಿಕೆ 15 ಮಿಲಿಮೀಟರಿಗೆ ಇಳಿದರೆ 36ನೆಯ ವರ್ಷದಲ್ಲೇ! ಐದು ಮಿಲಿಮೀಟರಿನ ಬೆಲೆ 28 ವರ್ಷ.

ಕಡಲ ತೀರದಲ್ಲಿ ಇನ್ನೊಬ್ಬ ಶತ್ರುವಿದ್ದಾನೆ, ಉಪ್ಪು. ಅದರ ಕ್ಲೋರೈಡು ಕ್ಷಾರವಿದ್ದಾಗಲೂ ಪೊರೆಯನ್ನು ಭೇದಿಸಬಲ್ಲದು. ಫಿನಾಲ್ಫ್ತಲೀನಿಗೆ ಅದು ಕಾಣಿಸದು. ಬೇರೆ ಬೇರೆ ಆಳಗಳಿಂದ ಪುಡಿಯನ್ನು ಕೊರೆದು ತೆಗೆದು ಪರೀಕ್ಷಿಸಬೇಕು. ಗೋವೆಯಲ್ಲಿ 1970ರಲ್ಲಿ ತೆರೆದ ಮಾಂಡೋವಿ ಸೇತುವೆ 1986ರ ಜುಲೈ 5ರಂದು ಕುಸಿಯಿತು. ಅದರ ಬಿಗಿತದ ಉಕ್ಕಿನ ತಂತಿಗಳನ್ನು ತುಕ್ಕು ತಿಂದಿತ್ತು. ಭಾರತೀಯ ಮಾನಕ ಸಂಹಿತೆ 456 (2000) ಕರಾವಳಿಯ ವಾತಾವರಣಕ್ಕೆ 45 ಮಿಲಿಮೀಟರ್ ಹೊದಿಕೆಯನ್ನು ವಿಧಿಸಿರುವುದು ಸುಮ್ಮನೆ ಅಲ್ಲ.

2024ರ ಆಗಸ್ಟಿನಲ್ಲಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ನಡುರಾತ್ರಿ ಕುಸಿದು ಲಾರಿಯೊಂದು ನೀರಿಗೆ ಬಿದ್ದಿತು. ಅದರ ಕಾರಣ ಯಾವುದೇ ಇರಲಿ, ಹಳೆಯ ಸೇತುವೆಗಳ ಸ್ಥಿತಿಯನ್ನು ಬೀಳುವ ಮೊದಲೇ ಅಳೆಯುವುದು ಎಷ್ಟು ಅಗತ್ಯವೆಂಬುದನ್ನು ಅದು ನೆನಪಿಸಿತು. ನಿಮ್ಮ ಊರಿನಲ್ಲಿ ಮನೆ ಕಟ್ಟುವಾಗ ಸರಳಿನ ಕೆಳಗೆ ಕವರ್ ಬ್ಲಾಕ್ ಇಟ್ಟಿದ್ದಾರೆಯೇ ನೋಡಿರಿ. ಮನೆಯ ಆಯುಸ್ಸು ಬಹುಮಟ್ಟಿಗೆ ಅಲ್ಲಿ ನಿರ್ಧಾರವಾಗುತ್ತದೆ.