'ಬಟ್ಲರ್ ಇಂಗ್ಲಿಷ್': ಒಂದು ನಿಂದಾಪದದ ಜಾಡು

ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತ ಕನ್ನಡಿಗರು ಪರಸ್ಪರರ ಇಂಗ್ಲಿಷಿಗೆ ಕೊಟ್ಟುಕೊಂಡಿರುವ ಹೆಸರುಗಳು ಕುತೂಹಲಕರವಾಗಿವೆ. ತಡವರಿಸಿ ಆಡಿದರೆ ಅದು 'ಹರಕುಮುರುಕು ಇಂಗ್ಲಿಷ್' ಅಥವಾ 'ಬಟ್ಲರ್ ಇಂಗ್ಲಿಷ್'. ನಿರರ್ಗಳವಾಗಿ ಆಡಿದರೆ 'ಠಸ್‌ಪುಸ್ ಇಂಗ್ಲಿಷ್'. ಗೇಲಿ ಇಬ್ಬರಿಗೂ ತಪ್ಪಿದ್ದಲ್ಲ. ಆದರೆ ಎರಡರ ತೂಕ ಒಂದೇ ಅಲ್ಲ. ಎರಡನೆಯದರಲ್ಲಿ ಅಸೂಯೆಯ ಎಳೆಯಿದೆ. ಮೊದಲನೆಯದು ಆಡುವವನ ಬಾಯಿ ಕಟ್ಟಿಸುತ್ತದೆ.

'ಬಟ್ಲರ್ ಇಂಗ್ಲಿಷ್' ಎಂಬ ಪದದ ಜಾಡು ಮದರಾಸು ಪ್ರಾಂತ್ಯದ ದೊರೆಗಳ ಬಂಗಲೆಗಳಿಗೆ ಕರೆದೊಯ್ಯುತ್ತದೆ. ಯೂಲ್ ಮತ್ತು ಬರ್ನೆಲ್ ಅವರ ಆಂಗ್ಲೋ-ಇಂಡಿಯನ್ ಪದಕೋಶ 'ಹಾಬ್ಸನ್-ಜಾಬ್ಸನ್' (1886) ಇದನ್ನು ಆ ಪ್ರಾಂತ್ಯದ ದೇಶೀಯ ಸೇವಕರ ಒಡಕು ಇಂಗ್ಲಿಷ್ ಎಂದು ದಾಖಲಿಸುತ್ತದೆ. ಯಜಮಾನರೂ ಸೇವಕರೊಡನೆ ಇದನ್ನೇ ಆಡುತ್ತಿದ್ದರೆಂಬುದು ಕೋಶಕಾರರಿಗೇ ವಿಚಿತ್ರವಾಗಿ ಕಂಡಿತ್ತು. ಆದರೂ ಹೆಸರು ಅಂಟಿದ್ದು ಬಟ್ಲರನಿಗೆ, ದೊರೆಗಲ್ಲ. ಬಂಗಲೆಗಳ ಕಾಲ ಮುಗಿದ ಮೇಲೂ ಆ ಪದವನ್ನು ಕನ್ನಡಿಗರು ಕನ್ನಡಿಗರ ಮೇಲೆ ಪ್ರಯೋಗಿಸುತ್ತಿರುವುದು ಗಮನಾರ್ಹ.

ಗೇಲಿಗೊಳಗಾಗುವ ಉಚ್ಚಾರಣೆಯಲ್ಲಿ ಅವ್ಯವಸ್ಥೆಗಿಂತ ವ್ಯವಸ್ಥೆಯೇ ಹೆಚ್ಚು. ವ್ಯಂಜನಾಂತ ಪದಕ್ಕೆ 'ಉ'ಕಾರ ಸೇರಿಸುವುದು ಕನ್ನಡದ ಜಾಯಮಾನ. ಏಕಾಕ್ಷರ ಪದದ ಸ್ವರ ಹ್ರಸ್ವವಾಗಿದ್ದರೆ ವ್ಯಂಜನ ದ್ವಿತ್ವವಾಗುತ್ತದೆ: ಬಸ್ಸು, ಪೆನ್ನು. ಸ್ವರ ದೀರ್ಘವಾಗಿದ್ದರೆ ಆಗುವುದಿಲ್ಲ: ಕಾರು, ರೋಡು. ಪದಾದಿಯ ಎಕಾರಕ್ಕೆ ಯಕಾರ, ಒಕಾರಕ್ಕೆ ವಕಾರ ಸೇರಿ 'ಯೆಗ್ಗು', 'ವೊನ್ಲಿ' ಆಗುವುದೂ ಇಂಥದೇ ನಿಯಮದಿಂದ. ಕನ್ನಡ ವಾಕ್ಯದಲ್ಲಿ 'ಬಸ್ಸು' ಯಾರಿಗೂ ಮುಜುಗರ ತರುವುದಿಲ್ಲ. ಅದೇ 'ಬಸ್ಸು' ಇಂಗ್ಲಿಷ್ ವಾಕ್ಯದಲ್ಲಿ ಬಂದೊಡನೆ ಆಡಿದವನ ಊರು, ಶಾಲೆ, ಕೆಲವೊಮ್ಮೆ ಜಾತಿಯೂ ಊಹೆಗೆ ವಸ್ತುವಾಗುತ್ತವೆ. ಅರ್ಥ ತಲುಪಿತೇ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ಈ ಅಳತೆಗೋಲು ಯಾರದು ಎಂಬುದು ವಿದ್ವತ್‌ವಲಯದಲ್ಲೂ ವಾದವಾಗಿದೆ. ಮಾತೃಭಾಷಿಕರಲ್ಲದ ಶಿಕ್ಷಕರು ಮಾತೃಭಾಷಿಕರ ಇಂಗ್ಲಿಷಿನೊಡನೆ ಸತತ ಸಂಪರ್ಕದಲ್ಲಿರಬೇಕೆಂದು ರ್‍ಯಾಂಡಾಲ್ಫ್ ಕ್ವರ್ಕ್ 1990ರಲ್ಲಿ ವಾದಿಸಿದರು. ಕಾಶ್ಮೀರ ಮೂಲದ ಭಾಷಾವಿಜ್ಞಾನಿ ಬ್ರಜ್ ಕಚ್ರು 1991ರಲ್ಲಿ ಅದಕ್ಕೆ ಉತ್ತರಿಸಿ, ಭಾರತದಂಥ ದೇಶಗಳ ಇಂಗ್ಲಿಷಿಗೆ ತನ್ನದೇ ಮಾದರಿಗಳಿವೆ ಎಂದರು. ಆದರೆ ಕಚ್ರು ಎತ್ತಿಹಿಡಿದದ್ದು ಮುಖ್ಯವಾಗಿ ಶಿಕ್ಷಿತರ ಭಾರತೀಯ ಇಂಗ್ಲಿಷನ್ನು. ಬಟ್ಲರನ ಇಂಗ್ಲಿಷ್ ಅಲ್ಲಿಯೂ ಏಣಿಯ ಕೆಳಮೆಟ್ಟಿಲಲ್ಲೇ ಉಳಿಯಿತು.

ಹಾಸನದಲ್ಲಿ ಹುಟ್ಟಿದ, ಕನ್ನಡ ಮನೆಮಾತಿನ ರಾಜಾರಾವ್ 'ಕಾಂತಾಪುರ' (1938) ಕಾದಂಬರಿಯ ಮುನ್ನುಡಿಯಲ್ಲಿ ಭಾರತೀಯರು ಇಂಗ್ಲಿಷರಂತೆ ಬರೆಯಲಾರರು, ಬರೆಯಬಾರದು ಎಂಬ ನಿಲುವು ತಳೆದರು. ಆ ಕಾದಂಬರಿಯ ಇಂಗ್ಲಿಷಿನಲ್ಲಿ ಕೇಳುವ ಕನ್ನಡದ ಲಯವನ್ನು ವಿಮರ್ಶಕರು ಮೆಚ್ಚಿದ್ದಾರೆ. ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಅದೇ ಲಯ ಕೆಂಪು ಗೆರೆಗೆ ಸಿಗುತ್ತದೆ. ರಾಜಾರಾವ್ ಅವರಿಗೆ ಇನ್ನೊಂದು ಬಗೆಯ ಇಂಗ್ಲಿಷೂ ವಶವಾಗಿತ್ತು, ವಿದ್ಯಾರ್ಥಿಗೆ ಆಯ್ಕೆಯಿಲ್ಲ ಎಂಬ ಆಕ್ಷೇಪ ಸರಿಯಾದುದೇ. ಆದರೆ ಅದು ಕಲಿಕೆಯ ಅವಕಾಶಕ್ಕೆ ಸಂಬಂಧಿಸಿದ ವ್ಯತ್ಯಾಸ. 'ಬಟ್ಲರ್' ಎಂಬ ಹೆಸರು ಅದನ್ನು ವಿದ್ಯಾರ್ಥಿಯ ಅಂತಸ್ತಿನ ಮಾತಾಗಿಸಿಬಿಡುತ್ತದೆ.