ಮರುಭೂಮಿಯ ಸೀಳುಕಣಿವೆಯಲ್ಲಿ ಒಂದು ಹಗಲು

ಮರುಭೂಮಿ ಎಂದೊಡನೆ ನಮಗೆ ನೆನಪಾಗುವುದು ಬಾಯಾರಿಕೆ. ನೀರಿಲ್ಲದೆ ಬಳಲಿ ಬಿದ್ದ ಪಯಣಿಗರ ಕಥೆಗಳನ್ನು ಬಾಲ್ಯದಿಂದಲೂ ಕೇಳುತ್ತ ಬಂದವರು ನಾವು. ನೀರಿನಲ್ಲಿ ಮುಳುಗಿ ಜನ ಪ್ರಾಣ ಕಳೆದುಕೊಳ್ಳುವ ಮರುಭೂಮಿಯೂ ಉಂಟೆಂದರೆ ವಾಚಕರು ಹುಬ್ಬೇರಿಸಿಯಾರು. ಆದರೂ ಇದು ನಿಜ. ಅಮೆರಿಕದ ನೈಋತ್ಯ ಭಾಗದಲ್ಲಿ, ಯೂಟಾ ಮತ್ತು ಅರಿಜೋನಾ ರಾಜ್ಯಗಳು ಕೂಡುವ ಕೆಂಪುಕಲ್ಲಿನ ಸೀಮೆಯಲ್ಲಿ, ನೆಲವು ಕೊಡಲಿಯಿಂದ ಸೀಳಿದಂತೆ ಬಿರಿದು, ಆಳವಾದ ಇಕ್ಕಟ್ಟು ಓಣಿಗಳಾಗಿವೆ. ಆ ದೇಶದವರು ಇವನ್ನು ‘ಸ್ಲಾಟ್ ಕ್ಯಾನ್ಯನ್’ ಎನ್ನುತ್ತಾರೆ. ನಾವು ಸೀಳುಕಣಿವೆ ಎನ್ನೋಣ.

ಈ ಕಣಿವೆಗಳ ಪೈಕಿ ಬಲು ಉದ್ದವಾದುದೆಂದು ಹೆಸರಾದದ್ದು ಬಕ್‌ಸ್ಕಿನ್ ಗಲ್ಚ್. ಯೂಟಾದ ದಕ್ಷಿಣದ ಅಂಚಿನಲ್ಲಿ, ಕ್ಯಾನಬ್ ಮತ್ತು ಪೇಜ್ ಎಂಬ ಊರುಗಳ ನಡುವಣ ನಿರ್ಜನ ಪ್ರದೇಶದಲ್ಲಿ ಅದು ಅಡಗಿದೆ. ಗಟ್ಟಿಗರಾದ ಕೆಲವರು ಅದನ್ನು ಒಂದೇ ಹಗಲಿನಲ್ಲಿ ನಡೆದು ದಾಟುವುದುಂಟು. ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿ ನೆಲೆಸಿದ್ದಾರೆ. ರಜೆ ಬಂತೆಂದರೆ ಇಂಥ ತಾಣಗಳತ್ತ ಕಾರು ತಿರುಗಿಸುತ್ತಾರೆ. ಆದುದರಿಂದ ಈ ನಡಿಗೆಯ ಸಿದ್ಧತೆ ಹೇಗಿರಬೇಕೆಂಬುದನ್ನು ಅರಿತಿರುವುದು ಇಲ್ಲಿ ಕುಳಿತ ತಾಯಿತಂದೆಗಳಿಗೂ ಅಪ್ರಸ್ತುತವಾಗಲಾರದು.

ಮರಳು ಕಲ್ಲಾಗಿ, ಕಲ್ಲು ಓಣಿಯಾಗಿ

ಈಗ ಗೋಡೆಗಳಾಗಿ ನಿಂತಿರುವ ಕಲ್ಲು ೧೮ ಕೋಟಿ ವರ್ಷಗಳಿಗೂ ಹಿಂದೆ ಗಾಳಿಗೆ ಹಾರಾಡುತ್ತಿದ್ದ ಮರಳಾಗಿತ್ತು. ದಿಣ್ಣೆಯ ಮೇಲೆ ದಿಣ್ಣೆ ಬಿದ್ದು, ಒತ್ತಿ, ಗಟ್ಟಿಯಾಗಿ, ಭೂಶಾಸ್ತ್ರಜ್ಞರು ನವಾಹೋ ಮರಳುಗಲ್ಲು ಎಂದು ಕರೆಯುವ ಶಿಲೆಯಾಯಿತು. ಅಂದಿನ ಗಾಳಿ ಎಳೆದ ಗೆರೆಗಳು ಇಂದಿಗೂ ಕಲ್ಲಿನ ಮೇಲೆ ಓರೆಯೋರೆಯಾಗಿ ಕಾಣುತ್ತವೆ. ಈ ಕಲ್ಲಿನ ಸಣ್ಣ ಬಿರುಕಿಗೆ ಮಳೆಯ ನೀರು ನುಗ್ಗಿತು. ನೀರೊಂದೇ ಆಗಿದ್ದರೆ ಕೆಲಸ ನಿಧಾನವಾಗುತ್ತಿತ್ತು. ಅದು ಹೊತ್ತು ತಂದ ಮರಳೂ ನೊರಜುಗಲ್ಲೂ ಅರದಂತೆ ಉಜ್ಜಿ ಉಜ್ಜಿ ಬಿರುಕನ್ನು ಆಳಕ್ಕೆ ಕೊರೆದವು. ಹೀಗೆ ಆದದ್ದು ಕೆಲವೆಡೆ ಕೈಚಾಚಿದರೆ ಎರಡು ಗೋಡೆಗಳೂ ತಾಕುವಷ್ಟು ಇಕ್ಕಟ್ಟಾದ, ಕೆಳಭಾಗದಲ್ಲಿ ನಾಲ್ಕು ನೂರು ಅಡಿಗಳಷ್ಟು ಆಳವಾದ ಓಣಿ. ಮಧ್ಯಾಹ್ನದ ಬಿಸಿಲು ಮೇಲಿನ ಗೋಡೆಗೆ ಬಿದ್ದು, ಅಲ್ಲಿಂದ ಎದುರುಗೋಡೆಗೆ ಚಿಮ್ಮಿ, ಕೆಳಕ್ಕೆ ಇಳಿಯುವ ಹೊತ್ತಿಗೆ ಕೇಸರಿಯಾಗಿ, ಕೆಂಪಾಗಿ, ಕೊನೆಗೆ ನೇರಳೆಯ ನೆರಳಾಗಿ ಕರಗುತ್ತದೆ.

ಇಷ್ಟನ್ನು ನೋಡಿ ಮೈಮರೆತವನು ಒಮ್ಮೆ ತಲೆಯೆತ್ತಿ ನೋಡಬೇಕು. ತಲೆಯಿಂದ ಎಷ್ಟೋ ಅಡಿ ಮೇಲೆ, ಎರಡು ಗೋಡೆಗಳ ನಡುವೆ, ಮರದ ದಿಮ್ಮಿಗಳು ಅಡ್ಡಲಾಗಿ ಸಿಕ್ಕಿಕೊಂಡಿರುತ್ತವೆ. ಅವನ್ನು ಅಲ್ಲಿಗೆ ಏರಿಸಿದ್ದು ಪ್ರವಾಹ. ಕಣಿವೆಯನ್ನು ಕೊರೆದ ಕೈ ಕೆಲಸ ನಿಲ್ಲಿಸಿಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಯಾವ ಆಕಾಶವನ್ನು ನೋಡಬೇಕು?

೧೯೯೭ರ ಆಗಸ್ಟ್ ೧೨ರಂದು ಪೇಜ್ ಊರಿನ ಬಳಿಯ ಆಂಟಿಲೋಪ್ ಕ್ಯಾನ್ಯನ್ನಿನ ಕೆಳಭಾಗದಲ್ಲಿ ೧೧ ಮಂದಿ ಪ್ರವಾಸಿಗಳು ತೀರಿಕೊಂಡರು. ಬಿರುಮಳೆ ಸುರಿದದ್ದು ಮೇಲುಬಯಲಿನಲ್ಲಿ, ಮೈಲಿಗಳಾಚೆ. ಬಂಡೆಯ ನೆಲ ನೀರನ್ನು ಹೀರದು. ಬಿದ್ದ ಮಳೆಯೆಲ್ಲ ಓಣಿಗೆ ಹರಿದು ಗೋಡೆಯಂತೆ ಎದ್ದು ಬಂತು. ೨೦೧೫ರ ಸೆಪ್ಟೆಂಬರ್ ೧೪ರಂದು ಯೂಟಾದ ಜೈಯನ್ ರಾಷ್ಟ್ರೀಯ ಉದ್ಯಾನದ ಕೀಹೋಲ್ ಕಣಿವೆಯಲ್ಲಿ ೭ ಮಂದಿ ಇದೇ ರೀತಿ ಅಸುನೀಗಿದರು.

ಆದ್ದರಿಂದ ಸಿದ್ಧತೆಯ ಮೊದಲ ಪಾಠವಿದು: ತಲೆಯ ಮೇಲಿನ ನೀಲಿ ಆಕಾಶವನ್ನು ನಂಬಬಾರದು, ಕಣಿವೆಗೆ ನೀರು ಬರುವ ದೂರದ ಬಯಲಿನ ಆಕಾಶವನ್ನು ವಿಚಾರಿಸಬೇಕು. ಅಮೆರಿಕದ ಹವಾಮಾನ ಇಲಾಖೆ ಈ ಸೀಮೆಯ ಕಣಿವೆಗಳಿಗಾಗಿಯೇ ದಿಢೀರ್ ಪ್ರವಾಹದ ಸಂಭವವನ್ನು ಪ್ರತಿದಿನ ಪ್ರಕಟಿಸುತ್ತದೆ. ಅದನ್ನು ಹಿಂದಿನ ಸಂಜೆ ಒಮ್ಮೆ, ಹೊರಡುವ ಮುಂಜಾನೆ ಒಮ್ಮೆ ನೋಡಬೇಕು. ಸಂಶಯವಿದ್ದರೆ ಹೋಗಬಾರದು. ಜುಲೈ ನಡುವಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿಯೂ ಒಂದು ಮುಂಗಾರು ಉಂಟು. ಮಧ್ಯಾಹ್ನದ ಗುಡುಗುಮಳೆಗಳ ಆ ತಿಂಗಳುಗಳನ್ನು ಬಿಟ್ಟುಬಿಡುವುದೇ ವಿವೇಕ. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ಭಾಗದವರೆಗೆ, ಮತ್ತೆ ಅಕ್ಟೋಬರಿನಲ್ಲಿ ಕಾಲ ಹೆಚ್ಚು ಅನುಕೂಲ.

ದಾರಿಯ ಲೆಕ್ಕ

ಸಾಮಾನ್ಯವಾಗಿ ಹೊರಡುವುದು ವೈರ್ ಪಾಸ್ ಎಂಬ ತಲೆದಾರಿಯಿಂದ. ಹೆದ್ದಾರಿಯಿಂದ ಅಲ್ಲಿಗೆ ಎಂಟು ಮೈಲಿಗೂ ಮಿಕ್ಕ ಮಣ್ಣುರಸ್ತೆ. ಒದ್ದೆಯಾದರೆ ಕಾರು ಹೂತುಹೋಗುವಂಥದು. ವೈರ್ ಪಾಸಿನ ಕಿರುಗಣಿವೆಯಲ್ಲಿ ೧.೭ ಮೈಲಿ ನಡೆದು, ನಡುವೆ ಆಳೆತ್ತರದ ಒಂದು ಬಂಡೆಯನ್ನು ಇಳಿದರೆ ಬಕ್‌ಸ್ಕಿನ್ ಸಿಗುತ್ತದೆ. ಅಲ್ಲಿನ ಗೋಡೆಯಲ್ಲಿ ಪ್ರಾಚೀನರು ಕೊರೆದ ಕಾಡುಕುರಿಗಳ ಚಿತ್ರಗಳಿವೆ. ಮುಂದೆ ಸುಮಾರು ೧೨ ಮೈಲಿ ಓಣಿಯೇ ಓಣಿ. ಅದು ಪರೀಯ ನದಿಯನ್ನು ಸೇರುವ ಸಂಗಮದಿಂದ ನದಿಯ ಎದುರಾಗಿ ಏಳು ಮೈಲಿ ನಡೆದರೆ ವೈಟ್ ಹೌಸ್ ಎಂಬ ತಂಗುದಾಣ. ಒಟ್ಟು ೨೦ ಮೈಲಿಗೆ ಕಡಿಮೆಯಿಲ್ಲ. ಹೊರಡುವ ಜಾಗವೂ ಮುಟ್ಟುವ ಜಾಗವೂ ಬೇರೆಯಾದ್ದರಿಂದ ಎರಡು ಕಾರುಗಳ ಏರ್ಪಾಡನ್ನು ಮುಂಚೆಯೇ ಮಾಡಿಕೊಳ್ಳಬೇಕು.

ಈಗ ಕಾಗದ ಪೆನ್ಸಿಲು ಹಿಡಿಯೋಣ. ಮರಳು, ಉರುಟುಕಲ್ಲು, ಕೆಸರುಗಳ ನಡುವೆ ಗಂಟೆಗೆ ಎರಡು ಮೈಲಿ ನಡೆದರೆ ಜಾಣತನ. ಇಪ್ಪತ್ತು ಮೈಲಿಗೆ ಹತ್ತು ಗಂಟೆ. ಊಟ ವಿಶ್ರಾಂತಿಗಳಿಗೆ ಎರಡು. ಅಡೆತಡೆಗಳಿಗೆ ಒಂದು: ಒಟ್ಟು ೧೩ ಗಂಟೆ. ಮೇ ತಿಂಗಳ ನಡುವಿನಲ್ಲಿ ಅಲ್ಲಿ ಹಗಲು ಸುಮಾರು ೧೪ ಗಂಟೆ. ಅಕ್ಟೋಬರಿನಲ್ಲಿ ೧೧ರ ಆಸುಪಾಸು. ಮೇ ತಿಂಗಳಲ್ಲಿಯೂ ನಸುಕಿನಲ್ಲೇ ಹೆಜ್ಜೆ ಹಾಕಿದವನಿಗೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಅಕ್ಟೋಬರಿನಲ್ಲಿ ಕೊನೆಯ ಮೈಲಿಗಳನ್ನು ಕತ್ತಲೆಯಲ್ಲಿ ನಡೆಯುವುದು ಖಂಡಿತ; ಹಣೆಗೆ ಕಟ್ಟುವ ದೀಪವಿಲ್ಲದೆ ಹೊರಡಲಾಗದು.

ಗಡಿಯಾರದ ವಿಷಯದಲ್ಲಿ ಇನ್ನೊಂದು ತೊಡಕುಂಟು. ಬೇಸಿಗೆಯಲ್ಲಿ ಯೂಟಾದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಡುತ್ತಾರೆ. ಪೇಜ್ ಊರಿನ ಅರಿಜೋನಾದವರು ಹಾಗೆ ಮಾಡುವುದಿಲ್ಲ. ಗಡಿಯ ಬಳಿ ಮೊಬೈಲ್ ದೂರವಾಣಿ ತಾನೇ ಗೊಂದಲಕ್ಕೆ ಬಿದ್ದು ಒಂದು ಗಂಟೆ ಹಿಂದೆ ಮುಂದೆ ತೋರಿಸೀತು. ಕೈಗಡಿಯಾರ ಕಟ್ಟಿಕೊಂಡವನೇ ಸುಖಿ.

ಹಿಂದಿರುಗುವ ಗೆರೆ

ಈ ನಡಿಗೆಯ ನಿಜವಾದ ಕಷ್ಟ ಮೈಲಿಗಳ ಸಂಖ್ಯೆಯಲ್ಲಿಲ್ಲ, ಅವುಗಳ ಕ್ರಮದಲ್ಲಿದೆ. ಹತ್ತು ಮೈಲಿ ದಾಟಿದ ಮೇಲೆ ಹಿಂದಿರುಗುವ ದಾರಿಯೇ ಮುಂದಿನದಕ್ಕಿಂತ ಉದ್ದವಾಗುತ್ತದೆ. ದೊಡ್ಡ ಅಡ್ಡಿಯಾದರೋ ಅದಾದ ಮೇಲೆ ಬರುತ್ತದೆ: ಸಂಗಮಕ್ಕೆ ಸುಮಾರು ಒಂದೂವರೆ ಮೈಲಿ ಮುಂಚೆ ಭಾರಿ ಬಂಡೆಗಳು ಕುಸಿದು ಓಣಿಯನ್ನು ಮುಚ್ಚಿವೆ. ಅಲ್ಲಿ ಹಗ್ಗ ಹಿಡಿದು ಇಳಿಯಬೇಕು, ಇಲ್ಲವೇ ಬಂಡೆಗಳ ಸಂದಿಯಲ್ಲಿ ನುಸುಳಬೇಕು. ಪ್ರತಿ ಪ್ರವಾಹವೂ ಆ ಜಾಗದ ರೂಪವನ್ನು ಬದಲಿಸುತ್ತದೆ; ಹೋದ ವರ್ಷ ಹೋಗಿ ಬಂದವನ ಮಾತು ಈ ವರ್ಷಕ್ಕೆ ಸಲ್ಲದು. ಬೇರೆಯವರು ಕಟ್ಟಿಬಿಟ್ಟ ಹಗ್ಗವನ್ನು ನೆಚ್ಚದೆ ಸ್ವಂತ ಹಗ್ಗವನ್ನು ಒಯ್ಯಬೇಕು. ಓಣಿಯ ಅರ್ಧ ದಾಟಿದ ಮೇಲೆ ಮೇಲಕ್ಕೇರುವ ಒಂದು ಕಡಿದಾದ ಜಾಡು ಇದೆಯಾದರೂ, ಅದನ್ನು ಗುರುತಿಸುವುದೂ ಏರುವುದೂ ಹೊಸಬರಿಗೆ ಸುಲಭವಲ್ಲ.

ಆದ್ದರಿಂದ ಹಿಂದಿರುಗುವ ಗಳಿಗೆಯನ್ನು ಹೊರಡುವ ಮುನ್ನವೇ ಗೊತ್ತುಮಾಡಿ ಬರೆದಿಟ್ಟುಕೊಳ್ಳಬೇಕು. ಬೆಳಿಗ್ಗೆ ಆರಕ್ಕೆ ಹೊರಟವರು ಹತ್ತೂವರೆಯೊಳಗೆ ಏಳೆಂಟು ಮೈಲಿ ಮುಟ್ಟದಿದ್ದರೆ, ಅಥವಾ ಗುಂಪಿನಲ್ಲಿ ಒಬ್ಬರ ಮಂಡಿ ನೋಯತೊಡಗಿದರೆ, ಅಥವಾ ನೀರು ಎಣಿಸಿದ್ದಕ್ಕಿಂತ ಆಳವಿದ್ದರೆ, ಅಲ್ಲಿಂದಲೇ ಹಿಂದಕ್ಕೆ. ದಣಿದ ಕಾಲೂ ಹುರುಪಿನ ಮನಸ್ಸೂ ಕೂಡಿದಾಗ ವಿವೇಕದ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಹಿಂದಿನ ರಾತ್ರಿ ಮೇಜಿನ ಸುತ್ತ ಕುಳಿತು ಎಲ್ಲರೂ ಒಪ್ಪಿದ ಮಾತಿಗೆ ಮಾತ್ರ ಬೆಲೆ ಉಳಿದೀತು.

ಬೆನ್ನಿನ ಗಂಟು

ಒಬ್ಬೊಬ್ಬರಿಗೂ ಕನಿಷ್ಠ ನಾಲ್ಕು ಲೀಟರು ಕುಡಿಯುವ ನೀರು ಬೇಕು. ದಾರಿಯಲ್ಲಿ ನೀರು ಕಾಣುತ್ತದೆ, ಆದರೆ ಕುಡಿಯಲು ಬಾರದು. ಬಿಸಿಲು ಕಾಣದ ಮಡುಗಳಲ್ಲಿ ಹಳೆಯ ಪ್ರವಾಹದ ಕೆಸರುನೀರು ತಿಂಗಳುಗಟ್ಟಲೆ ನಿಂತಿರುತ್ತದೆ. ಒಮ್ಮೊಮ್ಮೆ ಮೊಣಕಾಲುದ್ದ, ಒಮ್ಮೊಮ್ಮೆ ಎದೆಯುದ್ದ. ಮೇಲಿನ ಬಯಲು ಸುಡುತ್ತಿರುವಾಗಲೂ ಆ ನೀರು ಮೂಳೆ ಕೊರೆಯುವಷ್ಟು ತಣ್ಣಗೆ. ಹತ್ತಿಬಟ್ಟೆ ನೆನೆದರೆ ಒಣಗದೆ ಮೈಯ ಕಾವನ್ನು ಕದಿಯುತ್ತದೆ. ಉಣ್ಣೆಯ ಕಾಲುಚೀಲ, ಬೇಗ ಒಣಗುವ ಉಡುಪು, ನೀರು ಸೋರಿಹೋಗುವ ಬೂಟುಗಳಿರಬೇಕು. ಒಣ ಅಂಗಿಯೊಂದನ್ನು ನೀರು ನುಗ್ಗದ ಚೀಲದಲ್ಲಿ ಕಟ್ಟಿಕೊಳ್ಳಬೇಕು. ಮಡುವಿನ ತಳ ಕಾಣದ ಕಾರಣ ಊರುಗೋಲು ಬೇಕು. ಉಪ್ಪು ಬೆರೆತ ತಿಂಡಿ, ಗಾಯಕ್ಕೆ ಮದ್ದು, ಭೂಪಟ ಇವು ಉಳಿದ ಸಾಮಾನು. ನಾಲ್ಕು ನೂರು ಅಡಿ ಗೋಡೆಗಳ ನಡುವೆ ದೂರವಾಣಿ ಮೂಕ. ಉಪಗ್ರಹದ ಸಂಕೇತವೂ ತಡವರಿಸುತ್ತದೆ.

ಒಂದು ಹಗಲಿನ ನಡಿಗೆಗೂ ಸರಕಾರದ ಪರವಾನಗಿ ಬೇಕು. ಅದನ್ನು ಪಡೆಯುವಾಗಲೇ ಅರಣ್ಯರಕ್ಷಕರಲ್ಲಿ ಮಡುಗಳ ಆಳವನ್ನೂ ಬಂಡೆಕುಸಿತದ ಸ್ಥಿತಿಯನ್ನೂ ಕೇಳಿಕೊಳ್ಳಬಹುದು. ಅಲ್ಲಿ ರಾತ್ರಿ ತಂಗುವವರಿಗೆ ದಿನಕ್ಕೆ ೨೦ ಮಂದಿಯ ಮಿತಿಯುಂಟು.

ಮನೆಯಲ್ಲಿ ಬಿಟ್ಟುಹೋಗುವ ಚೀಟಿ

ಎಲ್ಲಕ್ಕಿಂತ ಹಗುರವಾದ, ಎಲ್ಲರೂ ಮರೆಯುವ ಸಾಮಾನು ಒಂದು ಚೀಟಿ. ೨೦೦೩ರ ಏಪ್ರಿಲ್ ೨೬ರಂದು ಆರಾನ್ ರಾಲ್‌ಸ್ಟನ್ ಎಂಬ ತರುಣ ಯೂಟಾದ ಬ್ಲೂಜಾನ್ ಕಣಿವೆಗೆ ಒಬ್ಬನೇ ಇಳಿದ. ಎಲ್ಲಿಗೆ ಹೋಗುತ್ತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ಜಾರಿದ ಬಂಡೆಯೊಂದು ಅವನ ಬಲಗೈಯನ್ನು ಗೋಡೆಗೆ ಒತ್ತಿ ಹಿಡಿಯಿತು. ಐದು ದಿನ ಕಳೆದ ಮೇಲೆ, ತನ್ನ ಕೈಯನ್ನು ತಾನೇ ಮೊಂಡು ಚಾಕುವಿನಿಂದ ಕತ್ತರಿಸಿಕೊಂಡು ಆತ ಬದುಕಿ ಬಂದ. ೨೦೧೦ರಲ್ಲಿ ಆ ಕಥೆ ಚಲನಚಿತ್ರವಾಯಿತು. ಅದಕ್ಕೆ ಸಂಗೀತ ನೀಡಿದವರು ನಮ್ಮವರೇ ಆದ ಎ. ಆರ್. ರೆಹಮಾನ್. ಚಿತ್ರ ನೋಡಿದವರು ಆತನ ಧೈರ್ಯವನ್ನು ಕೊಂಡಾಡುತ್ತಾರೆ, ಅದು ನ್ಯಾಯವೇ. ಆದರೆ ಯಾವ ಕಣಿವೆ, ಯಾವ ದಾರಿ, ಯಾವ ಹೊತ್ತಿಗೆ ಮರಳುವುದು, ಎಷ್ಟು ಹೊತ್ತಾದರೆ ಯಾರಿಗೆ ತಿಳಿಸಬೇಕು ಎಂಬ ನಾಲ್ಕು ಸಾಲನ್ನು ಸ್ನೇಹಿತರ ಕೈಯಲ್ಲಿ ಕೊಟ್ಟಿದ್ದರೆ, ಹುಡುಕುವವರಿಗೆ ಎಲ್ಲಿ ಹುಡುಕಬೇಕೆಂಬುದಾದರೂ ತಿಳಿದಿರುತ್ತಿತ್ತು.

ಇಷ್ಟನ್ನು ಓದಿದ ತಾಯಂದಿರು ಗಾಬರಿಯಾಗಬೇಕಿಲ್ಲ. ಇಪ್ಪತ್ತು ಮೈಲಿಯ ಹಟ ಎಲ್ಲರಿಗೂ ಬೇಕಾದುದಲ್ಲ. ಮಳೆಯ ಭಯವಿಲ್ಲದ ದಿನ ನೋಡಿ, ವೈರ್ ಪಾಸಿನಿಂದ ಬಕ್‌ಸ್ಕಿನ್ನಿನ ಬಾಯಿಯವರೆಗೆ ಹೋಗಿ, ಕಾಡುಕುರಿಗಳ ಚಿತ್ರ ನೋಡಿ, ನೇರಳೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡು, ಬಂದ ದಾರಿಯಲ್ಲೇ ಮರಳಿದರೆ ಮೂರೂವರೆ ಮೈಲಿಯೊಳಗೆ ಕಣಿವೆಯ ಸೊಬಗೆಲ್ಲ ಕಂಡಂತಾಯಿತು. ಮುಂದಿನದನ್ನು ನಡೆಯಲೇಬೇಕೆನ್ನುವ ಮಕ್ಕಳಿಗೆ ಹೋಗಬೇಡ ಎನ್ನುವುದಕ್ಕಿಂತ, ಎಷ್ಟು ಗಂಟೆಗೆ ಹಿಂದಿರುಗುತ್ತೀ, ಯಾರಿಗೆ ಹೇಳಿ ಹೋಗುತ್ತೀ ಎಂದು ದೂರವಾಣಿಯಲ್ಲಿ ಕೇಳಿ, ಉತ್ತರವನ್ನು ಗುರುತು ಹಾಕಿಕೊಳ್ಳುವುದು ಮೇಲು.