ಮಹಾಮಾರಿಯ ಊರಿನಲ್ಲಿ ಜೂಲಿಯನ್‌ಳ ಕಿಟಕಿ

ಇಂಗ್ಲೆಂಡಿನ ನಾರಿಚ್‌ನ ಕಿಂಗ್ ಸ್ಟ್ರೀಟಿನಿಂದ ಒಳಗೆ ಹೊರಳುವ ಓಣಿಯಲ್ಲಿ ಸಂತ ಜೂಲಿಯನ್ ಚರ್ಚ್ ಇದೆ. ಚಕಮಕಿ ಕಲ್ಲಿನ ಗೋಡೆ, ಮೋಟು ದುಂಡು ಗೋಪುರ. ಆ ಊರಿಗೆ ಹೋದವರು ಕೆಥೆಡ್ರಲ್ ನೋಡಿಕೊಂಡು ಹಿಂದಿರುಗುವುದೇ ಹೆಚ್ಚು. ನಾನು ಹೋದದ್ದು ಈ ಪುಟ್ಟ ಚರ್ಚಿಗೆ ಅಂಟಿಕೊಂಡ ಒಂದು ಕೋಣೆಗಾಗಿ. ಕಲ್ಲಿನ ಕಮಾನು ದಾಟಿದರೆ ಬೆಂಚು, ಬಲಿಪೀಠ, ಶಿಲುಬೆ. ಹೊರಗಿನ ವಾಹನಗಳ ಸದ್ದು ಕೇಳಿಸುತ್ತಲೇ ಇತ್ತು. ನನಗೆ ಹಿಡಿಸಿದ್ದೂ ಅದೇ. ಆರು ಶತಮಾನಗಳ ಹಿಂದೆ ಇಲ್ಲಿದ್ದ ಜೂಲಿಯನ್ ಎಂಬ ಹೆಂಗಸಿಗೂ ಬೀದಿಯ ಸದ್ದು ತಪ್ಪಿರಲಿಲ್ಲ.

ಈಗಿನ ಕೋಣೆ ಹಳೆಯದಲ್ಲ. 1942ರ ಜೂನ್‌ನಲ್ಲಿ ಜರ್ಮನ್ ಬಾಂಬಿಗೆ ಕುಸಿದ ಚರ್ಚು 1953ರಲ್ಲಿ ಮತ್ತೆ ಎದ್ದಿತು. ಟಿ.ಎಸ್. ಎಲಿಯಟ್ ಜೂಲಿಯನ್‌ಳ ಮಾತನ್ನು ಬಳಸಿಕೊಂಡ ‘ಲಿಟಲ್ ಗಿಡಿಂಗ್’ ಕವನ ಕೂಡ ಪ್ರಕಟವಾದದ್ದು 1942ರಲ್ಲೇ. ಬಾಂಬು ಬೀಳುವ ಕಾಲದ ಕವಿಗೆ ಪ್ಲೇಗಿನ ಕಾಲದ ಹೆಂಗಸೊಬ್ಬಳ ಮಾತು ಬೇಕಾಯಿತು.

ಪ್ಲೇಗು ನಾರಿಚ್‌ಗೆ ನುಗ್ಗಿದ್ದು 1349ರಲ್ಲಿ. ಆಗ ಜೂಲಿಯನ್‌ಗೆ ಆರೇಳು ವರ್ಷ. 1361ರಲ್ಲಿ ರೋಗ ಮರಳಿತು, 1369ರಲ್ಲಿ ಮತ್ತೊಮ್ಮೆ. 1378ರಿಂದ ಧರ್ಮಸಭೆಗೆ ಇಬ್ಬರು ಪೋಪರು. 1381ರಲ್ಲಿ ರೈತರು ದಂಗೆ ಎದ್ದಾಗ ಅದನ್ನು ಬಗ್ಗುಬಡಿಯಲು ನಾರಿಚ್‌ನ ಬಿಷಪ್ ಹೆನ್ರಿ ಡಿಸ್ಪೆನ್ಸರ್ ತಾನೇ ಆಯುಧ ಹಿಡಿದು ಹೊರಟ. ಸಾವಿನ ಭಯ ಒಂದು ಕಡೆ, ಸತ್ತ ಮೇಲಿನ ನರಕದ ಭಯ ಇನ್ನೊಂದು ಕಡೆ. ಪ್ಲೇಗು ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಪ್ರವಚನಕಾರರು ಸಾರುತ್ತಿದ್ದ ಕಾಲವದು.

1373ರ ಮೇ ತಿಂಗಳಲ್ಲಿ ಜೂಲಿಯನ್ ಕಾಯಿಲೆ ಬಿದ್ದಳು. ವಯಸ್ಸು ಮೂವತ್ತು. ಅಂತಿಮ ಸಂಸ್ಕಾರವೂ ಆಯಿತು. ಪಾದ್ರಿ ಕಣ್ಣೆದುರು ಹಿಡಿದ ಶಿಲುಬೆಯಲ್ಲಿ ಯೇಸುವಿನ ರಕ್ತ ಹರಿಯುವುದನ್ನು ಆಕೆ ಕಂಡಳು. ಒಂದರ ಹಿಂದೊಂದು ಹದಿನೈದು ದರ್ಶನ, ರಾತ್ರಿ ಕಳೆಯುವುದರೊಳಗೆ ಹದಿನಾರನೆಯದು. ನಡುವೆ ಒಬ್ಬ ಧರ್ಮಗುರು ಬಂದು ಹೇಗಿದ್ದೀಯ ಎಂದಾಗ, ಜ್ವರದಲ್ಲಿ ಏನೇನೋ ಬಡಬಡಿಸಿದೆ ಎಂದಳು. ಆತ ಜೋರಾಗಿ ನಕ್ಕ. ಶಿಲುಬೆಯಿಂದ ರಕ್ತ ಹರಿದದ್ದನ್ನು ಹೇಳಿದಾಗ ನಗು ನಿಂತು ಮುಖ ಗಂಭೀರವಾಯಿತು. ಆತ ನಂಬಿದ್ದನ್ನು ತಾನೇ ನಂಬಲಿಲ್ಲವಲ್ಲ ಎಂದು ಆಕೆಗೆ ನಾಚಿಕೆಯಾಯಿತು. ಇದನ್ನು ಮುಚ್ಚಿಡದೆ ಬರೆದಿದ್ದಾಳೆ ಎಂಬುದಕ್ಕೇ ನನಗೆ ಆಕೆಯ ಮೇಲೆ ವಿಶ್ವಾಸ.

ಮುಂದೆ ಆಕೆ ಚರ್ಚಿನ ಕೋಣೆಯಲ್ಲೇ ಬದುಕು ಸವೆಸುವ ಏಕಾಂತವಾಸಿನಿಯಾದಳು. ಅಂಥ ಹೆಂಗಸು ಕೋಣೆ ಹೊಕ್ಕಾಗ ಸತ್ತವರಿಗೆ ಹೇಳುವ ಪ್ರಾರ್ಥನೆ ಹೇಳಿ ಬಾಗಿಲು ಮುಚ್ಚುತ್ತಿದ್ದರು. ಆದರೆ ಇಂಥ ಕೋಣೆಗೆ ಸಾಮಾನ್ಯವಾಗಿ ಮೂರು ಕಿಟಕಿ: ಬಲಿಪೂಜೆ ಕಂಡು ಪರಮಪ್ರಸಾದ ಪಡೆಯಲು ಚರ್ಚಿನತ್ತ ಒಂದು, ಅನ್ನ ನೀರಿಗೆ ಕೆಲಸದವಳತ್ತ ಒಂದು, ಪರದೆ ಹಾಕಿದ ಮೂರನೆಯದು ಹೊರಜಗತ್ತಿನತ್ತ. ದುಃಖ ಹೇಳಿಕೊಳ್ಳಲು ಬರುವವರಿಗೆ ಆ ಮೂರನೆಯದೇ ಆಸರೆ. ಲಿನ್ ಊರಿನ ಮಾರ್ಜರಿ ಕೆಂಪ್ 1413ರ ಸುಮಾರಿಗೆ ಬಂದು ಹಲವು ದಿನ ಆಕೆಯೊಡನೆ ಮಾತಾಡಿ ಹೋದದ್ದನ್ನು ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾಳೆ.

ನನ್ನನ್ನು ಇನ್ನೂ ಬಿಡದೆ ಕಾಡುವುದು ಮಾತ್ರ ಕೆಲಸದವಳತ್ತ ಇದ್ದ ಎರಡನೆಯ ಕಿಟಕಿ. ಜೂಲಿಯನ್ ಬದುಕಿನ ಹೊರಸಾಕ್ಷಿ ಬಹುಪಾಲು ಸಿಗುವುದು ಸತ್ತವರ ಉಯಿಲುಗಳಲ್ಲಿ. 1394ರ ಸುಮಾರಿಗೆ ಪಾದ್ರಿ ರೋಜರ್ ರೀಡ್ ಎರಡು ಶಿಲಿಂಗ್ ಬಿಟ್ಟು ಹೋದ. 1404ರಲ್ಲಿ ಥಾಮಸ್ ಎಮಂಡ್ ಆಕೆಗೆ 12 ಪೆನ್ಸ್, ಜೊತೆಗಿದ್ದ ಸಾರಾಳಿಗೆ 8 ಪೆನ್ಸ್ ಬರೆದ. 1415ರಲ್ಲಿ ಜಾನ್ ಪ್ಲಂಪ್ಟನ್ ಆಕೆಗೆ 40 ಪೆನ್ಸ್, ಆಗಿನ ಕೆಲಸದವಳಿಗೆ 12, ಕೆಲಸ ಬಿಟ್ಟುಹೋಗಿದ್ದ ಆಲಿಸ್‌ಗೂ 12 ಪೆನ್ಸ್ ಕೊಡಿಸಿದ. ಸಾಯುವ ಹೊತ್ತಿನಲ್ಲಿ ಹಳೆಯ ಕೆಲಸದವಳನ್ನೂ ನೆನೆದನಲ್ಲ! ಯಾರೋ ನೀರು ತಂದುಕೊಟ್ಟರು, ಕಸ ಹೊರಹಾಕಿದರು. ಒಳಗೆ ಒಬ್ಬಳು ಧ್ಯಾನಿಸಿ ಬರೆದಳು. ಮಹಾತ್ಮರ ಮನಶ್ಶಾಂತಿಯ ಬಗ್ಗೆ ಬರೆಯುವವರು ಸಾರಾ, ಆಲಿಸರನ್ನು ಮರೆಯಬಾರದು.

ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ಬರೆದು ಉಳಿದಿರುವ ಮೊದಲ ಪುಸ್ತಕವೆಂದು ಜೂಲಿಯನ್‌ಳ ಗ್ರಂಥವನ್ನು ಗುರುತಿಸುತ್ತಾರೆ. ದರ್ಶನ ಮುಗಿದದ್ದು ಒಂದೆರಡು ದಿನದಲ್ಲಿ. ಅದರ ಅರ್ಥ ಹುಡುಕುತ್ತ ಸುಮಾರು ಇಪ್ಪತ್ತು ವರ್ಷ ಕಳೆದವು. ದೇವರಲ್ಲಿ ಕೋಪವೇ ಇಲ್ಲ, ಯೇಸು ನಮ್ಮ ತಾಯಿ, ಇದೆಲ್ಲದರ ಅರ್ಥ ಪ್ರೀತಿಯೇ ಎಂಬ ನಿಲುವಿಗೆ ಬಂದಳು. ಶಿಕ್ಷೆಯ ಭಯ ಹಬ್ಬಿದ್ದ ಊರಿನಲ್ಲಿ ಇದು ಎಂಥ ದಿಟ್ಟ ಮಾತು!

ಕೊನೆಗೆ ಎಲ್ಲವೂ ಒಳಿತಾಗುವುದೆಂಬ, ಎಲಿಯಟ್ ಬಳಸಿಕೊಂಡ ಆಕೆಯ ಭರವಸೆಯೊಂದನ್ನೇ ಕಿತ್ತು ಶುಭಾಶಯ ಪತ್ರಕ್ಕೆ ಹಾಕುವುದು ನನಗೆ ಸರಿಕಾಣುವುದಿಲ್ಲ. ಪಾಪ, ನೋವು ಏಕಿವೆ ಎಂದು ಆಕೆ ಪುಟಗಟ್ಟಲೆ ದೇವರೊಡನೆ ಜಗ್ಗಾಡಿದ್ದಾಳೆ. ಕಷ್ಟ ಬಾರದೆಂಬ ಮಾತು ಆಕೆಗೆ ಸಿಗಲಿಲ್ಲ. ಸಿಕ್ಕಿದ್ದು ಕಷ್ಟದ ಕೈಯಲ್ಲಿ ಸೋಲುವುದಿಲ್ಲವೆಂಬ ಅಭಯ. ಪ್ರಾರ್ಥಿಸಿದವರಿಗೆ ಸೋಂಕು ತಗಲದೆಂಬ ಮಾತುಗಳನ್ನು ಕೊರೊನಾ ಕಾಲದಲ್ಲಿ ಕೇಳಿದ ನಮಗೆ ಜೂಲಿಯನ್ ಹೆಚ್ಚು ನಂಬಿಕಸ್ಥಳು. ಪ್ಲೇಗು ಆಕೆಯ ಜೀವಮಾನದಲ್ಲಿ ತೊಲಗಲಿಲ್ಲ. ಆಕೆಯ ಶಾಂತಿ ಅದು ತೊಲಗಲೆಂದು ಕಾಯಲೂ ಇಲ್ಲ.